ಗುಡ್ಡ ಜಾರುವುದೇಕೆ?



ಬಿಇ ಓದಿ ಸಾಫ್ಟ್‌ವೇರ್ ಎಂಜಿನಿಯರ್ ಆದ ನಾನು, ಬಂಡೆಯ ಬಲ ಲೆಕ್ಕ ಹಾಕುವ ಪ್ರೋಗ್ರಾಂ ಬರೆಯುತ್ತೇನೆ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ ರೈಲುಮಾರ್ಗದಲ್ಲಿ 57 ಸುರಂಗಗಳಿವೆ. ಮಳೆಗಾಲದಲ್ಲಿ ಅಲ್ಲಿ ಗುಡ್ಡ ಜಾರಿದಾಗ, ‘ಅಷ್ಟು ಗಟ್ಟಿ ಕಲ್ಲು ಬಿದ್ದದ್ದು ಹೇಗೆ?’ ಎನ್ನುತ್ತೇವೆ. ಕಲ್ಲೇನೋ ಗಟ್ಟಿಯೇ, ಸಡಿಲವಾಗುವುದು ಅದರ ಬಿರುಕು. ಬಿರುಕು ದಾರಿಯ ಕಡೆಗೆ ಇಳಿಜಾರಾಗಿದ್ದು, ಬುಡದ ಆಸರೆಯನ್ನು ನಾವೇ ಕಡಿದರೆ, ಮೇಲಿನ ಬಂಡೆಯನ್ನು ಹಿಡಿದಿಡಲು ಘರ್ಷಣೆಯೊಂದೇ ಉಳಿಯುತ್ತದೆ. ಬಿರುಕಿನೊಳಗೆ 10 ಮೀಟರ್ ನೀರು ನಿಂತರೆ ತಳದಲ್ಲಿ ಚದರ ಮೀಟರಿಗೆ ಸುಮಾರು 10 ಟನ್ ಒತ್ತಡ! ಆಗ ಘರ್ಷಣೆಯೂ ಸೋಲುತ್ತದೆ. ಅದಕ್ಕೇ ಎಂಜಿನಿಯರುಗಳು ಉಕ್ಕಿನ ಬೋಲ್ಟ್ ಹಾಕುವುದಲ್ಲದೆ, ನೀರು ಹೊರಹೋಗಲು ತೂತು ಕೊರೆಯುತ್ತಾರೆ.

ಗುಡ್ಡ ಕಡಿದು ಮನೆ, ರಸ್ತೆ ಮಾಡುವವರೇ, ಮೊದಲು ನೀರಿಗೆ ದಾರಿ ಬಿಡಿ. ಮಕ್ಕಳೇ, ಘರ್ಷಣೆ, ಒತ್ತಡಗಳ ಪಾಠ ನಾನು ಕಲಿತದ್ದು ಇದೇ ಶಾಲೆಯಲ್ಲಿ. ಅಂಕಕ್ಕಷ್ಟೇ ಓದಬೇಡಿ, ಅದು ಜೀವ ಉಳಿಸುವ ವಿದ್ಯೆ.