ಹತ್ತನೆಯ ತರಗತಿಯ ಆಚೆ: ಒಂದೊಂದು ಮಗುವಿಗೂ ಒಂದೊಂದು ಪುಟ

(ಶಾಲಾ ಶತಮಾನೋತ್ಸವದ ಅಂಗವಾಗಿ ನಡೆದ ಹೆತ್ತವರ ಹಾಗೂ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ನಮ್ಮ ಶಾಲೆಯ ನೂರು ವರ್ಷಗಳ ಚರಿತ್ರೆಯನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ಈ ಸಭೆಯಲ್ಲಿಯೇ ಇದ್ದಾರೆ. ಆ ಕಾರ್ಯವನ್ನು ಅವರಿಗೆ ಬಿಟ್ಟುಕೊಟ್ಟು, ಈಗ ನಮ್ಮ ಬೆಂಚುಗಳ ಮೇಲೆ ಕುಳಿತಿರುವ ಮಕ್ಕಳು ಎಸ್ಸೆಸ್ಸೆಲ್ಸಿ ಮುಗಿಸಿ ಎತ್ತ ಹೋಗಬೇಕು ಎಂಬುದನ್ನು ನಿಮ್ಮೊಡನೆ ವಿಚಾರಿಸಲು ನಿಂತಿದ್ದೇನೆ.

ವೃತ್ತಿ ಮಾರ್ಗದರ್ಶನವೆಂಬ ಹೆಸರಿನಲ್ಲಿ ವರ್ಷಕ್ಕೊಂದು ಶಿಬಿರ ನಡೆಸುವುದು ಶಾಲೆಗಳಲ್ಲಿ ರೂಢಿಯಾಗಿದೆ. ಸಭಾಂಗಣದ ತುಂಬ ಮಕ್ಕಳು, ಪರದೆಯ ಮೇಲೆ ಚಿತ್ರಗಳು, ಸಂಪನ್ಮೂಲ ವ್ಯಕ್ತಿಗಳ ಎರಡು ಗಂಟೆಯ ಉಪನ್ಯಾಸ, ಕೊನೆಗೆ ಧನ್ಯವಾದ ಸಮರ್ಪಣೆ. ಅದರಿಂದ ಹಾನಿಯೇನೂ ಇಲ್ಲ. ಆದರೆ ಅಲ್ಲಿ ಕೇಳಿಬರುವ ಮಾತುಗಳನ್ನು ಎರ್ನಾಕುಳದ ಮಗುವಿಗೂ ಹೇಳಬಹುದು, ಬೆಂಗಳೂರಿನ ಮಗುವಿಗೂ ಹೇಳಬಹುದು. ಕಾಸರಗೋಡಿನ ಕನ್ನಡ ಮಾಧ್ಯಮದ ಮಗುವಿನ ಎದುರಿಗಿರುವ ಕವಲುದಾರಿ ಅವರಿಬ್ಬರ ಎದುರಿಗೂ ಇಲ್ಲ. 1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿದಂದಿನಿಂದ ನಮ್ಮ ಮಗುವಿಗೆ ಒಂದು ಕಡೆ ತಿರುವನಂತಪುರದ ನಿಯಮಗಳು, ಇನ್ನೊಂದು ಕಡೆ ಬೆಂಗಳೂರಿನ ನಿಯಮಗಳು. ಎರಡೂ ಕಡೆ ಬಾಗಿಲುಗಳಿವೆ. ಎರಡೂ ಕಡೆ ಹೊಸ್ತಿಲು ಎಡವುವ ಜಾಗಗಳೂ ಇವೆ.

ಒಂದು ಉದಾಹರಣೆಯನ್ನು ಕೊಡುತ್ತೇನೆ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲಿಯೂ ಬರೆಯಬಹುದಾಗಿದೆ. ಸಂತೋಷದ ವಿಷಯವೇ. ಆದರೆ ಪ್ರಾದೇಶಿಕ ಭಾಷೆಯ ಪ್ರಶ್ನೆಪತ್ರಿಕೆ ಆಯಾ ರಾಜ್ಯದ ಕೇಂದ್ರಗಳಲ್ಲಿ ಮಾತ್ರ ದೊರೆಯುತ್ತದೆ. ಕಾಸರಗೋಡಿನ ಕೇಂದ್ರದಲ್ಲಿ ಕುಳಿತ ಮಗುವಿಗೆ ಕನ್ನಡದ ಪತ್ರಿಕೆ ಇಲ್ಲ. ಅದು ಬೇಕಿದ್ದರೆ ಅರ್ಜಿ ತುಂಬುವಾಗಲೇ ಮಂಗಳೂರಿನಂತಹ ಕರ್ನಾಟಕದ ಕೇಂದ್ರವನ್ನು ಆರಿಸಬೇಕು. ಅರ್ಜಿಯ ಆ ಒಂದು ಅಂಕಣದ ವಿಷಯವನ್ನು ಸಾಮಾನ್ಯ ಶಿಬಿರದಲ್ಲಿ ಯಾರು ತಾನೇ ಹೇಳುತ್ತಾರೆ? ಹೇಳುವವರಿಗೆ ಅದರ ಅಗತ್ಯವೇ ಬಿದ್ದಿರುವುದಿಲ್ಲ. ಇನ್ನು, ಪ್ಲಸ್ ವನ್ ಸೇರಿದೊಡನೆ ವಿಜ್ಞಾನದ ಪಾಠವೆಲ್ಲ ಇಂಗ್ಲಿಷಿನಲ್ಲಿ ಸಾಗುವುದರಿಂದ, ಎರಡು ವರ್ಷ ಇಂಗ್ಲಿಷಿನಲ್ಲಿ ಓದಿದ್ದನ್ನು ಕನ್ನಡದಲ್ಲಿ ಬರೆಯುವುದು ಎಲ್ಲರಿಗೂ ಅನುಕೂಲವೆಂದು ನಾನು ಹೇಳಲಾರೆ. ಒಂದು ಮಗುವಿಗೆ ಅದು ವರವಾದೀತು, ಪಕ್ಕದ ಮಗುವಿಗೆ ತೊಡಕಾದೀತು. ಯಾವುದು ಯಾರಿಗೆ ಎಂಬುದು ಆ ಮಗುವಿನ ನೋಟುಪುಸ್ತಕವನ್ನು ನೋಡಿದ ಅಧ್ಯಾಪಕರಿಗೆ ಮಾತ್ರ ತಿಳಿಯುತ್ತದೆ.

ಇನ್ನೊಂದು, ನಮ್ಮಲ್ಲಿ ಬಹಳ ಮಂದಿ ಕೇಳುವ ಪ್ರಶ್ನೆ: ಹತ್ತನೆಯದು ಮುಗಿದೊಡನೆ ಮಗುವನ್ನು ಮಂಗಳೂರಿನಲ್ಲಿ ಪಿಯುಸಿಗೆ ಸೇರಿಸಬಹುದೇ? ಸೇರಿಸಬಹುದು. ಆದರೆ ಸೇರಿಸುವ ಮೊದಲು ಒಂದು ಲೆಕ್ಕವನ್ನು ಮಾಡಿಕೊಳ್ಳಿ. ಕರ್ನಾಟಕದ ವೃತ್ತಿಪರ ಕೋರ್ಸುಗಳ ಸರಕಾರಿ ಸೀಟುಗಳಿಗೆ ಸಾಮಾನ್ಯವಾಗಿ ಆ ರಾಜ್ಯದಲ್ಲಿ ಏಳು ವರ್ಷ ಓದಿರಬೇಕು. ಎರಡು ವರ್ಷದ ಪಿಯುಸಿಯಿಂದ ಆ ಲೆಕ್ಕ ತುಂಬುವುದಿಲ್ಲ. ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯಾಗಿದ್ದು ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳಲ್ಲಿ ನೆಲೆಸಿರುವವರಿಗೆಂದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ನಿಯಮಗಳಲ್ಲಿ 'ಗಡಿನಾಡು ಕನ್ನಡಿಗ' ಎಂಬ ಪ್ರತ್ಯೇಕ ಅರ್ಹತೆಯಿದೆ. ಅದಕ್ಕೆ ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕು. ನಮ್ಮ ಮಕ್ಕಳಿಗೆ ಆ ಪರೀಕ್ಷೆಯ ಭಯವಿಲ್ಲ. ಆದರೆ ಯಾವ ತರಗತಿಯನ್ನು ಎಲ್ಲಿ ಓದಿದ್ದಾರೆ ಎಂಬುದು ಅಲ್ಲಿ ಗಣನೆಗೆ ಬರುತ್ತದೆ. ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ಓದದೆ ಗಡಿ ದಾಟಿದ ಮಗು ಅತ್ತ ಏಳು ವರ್ಷದವನೂ ಅಲ್ಲದೆ, ಇತ್ತ ಗಡಿನಾಡಿನವನೂ ಅಲ್ಲದೆ ನಡುವೆ ನಿಲ್ಲುವ ಸಂಭವವಿದೆ. ಹದಿನೈದು ವರ್ಷದ ಮಗು ಇದನ್ನೆಲ್ಲ ತಾನೇ ಅರಿಯಲಿ ಎನ್ನುವುದು ನ್ಯಾಯವಲ್ಲ. 2020ರ ಮಾರ್ಚಿನಲ್ಲಿ ತಲಪಾಡಿಯ ರಸ್ತೆ ಮುಚ್ಚಿದ ದಿನಗಳನ್ನು ನೀವು ಮರೆತಿರಲಾರಿರಿ. ಅಂತಹದು ನಿತ್ಯವೂ ನಡೆಯುವುದಿಲ್ಲ, ಆದರೂ ದಿನಾ ಗಡಿ ದಾಟಿ ಓದುವ ಮಗುವಿನ ಮನೆಯವರು ಅದನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಈಗ ನಿಮ್ಮಲ್ಲಿ ಕೆಲವರ ಮನಸ್ಸಿನಲ್ಲಿರುವ ಮಾತಿಗೆ ಬರುತ್ತೇನೆ. ಇಷ್ಟೆಲ್ಲ ತೊಡಕಿದ್ದರೆ ಮಗುವನ್ನು ಆರಂಭದಲ್ಲಿಯೇ ಇಂಗ್ಲಿಷ್ ಮಾಧ್ಯಮಕ್ಕೆ ಹಾಕುವುದಲ್ಲವೇ ಲೇಸು? ಈ ಪ್ರಶ್ನೆಗೆ ಭಾಷಾಭಿಮಾನದ ಉತ್ತರವನ್ನು ಕೊಟ್ಟು ಜಾರಿಕೊಳ್ಳಲು ನಾನು ಇಚ್ಛಿಸುವುದಿಲ್ಲ. ಮಗುವಿನ ಅನ್ನದ ಪ್ರಶ್ನೆಗೆ ಅಭಿಮಾನವೊಂದೇ ಉತ್ತರವಾಗಲಾರದು. ಕನ್ನಡ ಮಾಧ್ಯಮದ ಮಗುವಿಗೆ ಮಾತ್ರ ಸುಲಭವಾಗಿ ತೆರೆಯುವ ಬಾಗಿಲುಗಳೂ ಇವೆ ಎಂಬುದನ್ನು ತೋರಿಸುವುದು ನನ್ನ ಕರ್ತವ್ಯ. ಪುಟ್ಟ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕತೆ ಹೇಳುವ ಹುಡುಗಿಯರು ನಮ್ಮ ಒಂಬತ್ತನೆಯ ತರಗತಿಯಲ್ಲಿ ಪ್ರತಿ ವರ್ಷವೂ ಇಬ್ಬರು ಮೂವರು ಇರುತ್ತಾರೆ. ಅಂತಹವಳಿಗೆ ಪ್ಲಸ್ ಟು ನಂತರ ಮಾಯಿಪ್ಪಾಡಿಯ ಡಯಟ್‌ನಲ್ಲಿ ಎರಡು ವರ್ಷದ ಅಧ್ಯಾಪಕ ತರಬೇತಿ ಇದೆ, ಕನ್ನಡದಲ್ಲಿ ಬರೆಯಬಹುದಾದ ಕೆ-ಟೆಟ್ ಇದೆ, ಅದರಾಚೆ ಕೇರಳ ಲೋಕಸೇವಾ ಆಯೋಗವು ಕನ್ನಡ ಮಾಧ್ಯಮದ ಕಿರಿಯ ಪ್ರಾಥಮಿಕ ಶಾಲೆಗಳಿಗೆಂದೇ ನಡೆಸುವ ಆಯ್ಕೆ ಇದೆ. ಕನ್ನಡವನ್ನು ಕನ್ನಡದಲ್ಲಿಯೇ ಓದಿದವರು ಆ ಸಾಲಿನಲ್ಲಿ ನಿಲ್ಲದಿದ್ದರೆ ಕನ್ನಡ ಅರಿಯದವರು ಕನ್ನಡ ಶಾಲೆಗೆ ಬರುವ ಪ್ರಸಂಗ ಒದಗುತ್ತದೆ. ನಾವು ಅದನ್ನು ನೋಡಿದ್ದೇವೆ, ಅದಕ್ಕಾಗಿ ಬೀದಿಗಿಳಿದೂ ಇದ್ದೇವೆ. ಆ ಹುಡುಗಿಗೆ ಸಕಾಲದಲ್ಲಿ ದಾರಿ ತೋರಿಸುವುದು ನಮ್ಮ ಶಾಲೆಗಳ ಉಳಿವಿನ ಕೆಲಸವೂ ಹೌದು.

ಕನ್ನಡ ಮತ್ತು ಮಲಯಾಳ ಎರಡನ್ನೂ ಬಲ್ಲ ಗುಮಾಸ್ತರಿಗಾಗಿಯೂ ನಮ್ಮ ಜಿಲ್ಲೆಯಲ್ಲಿ ಪ್ರತ್ಯೇಕ ಹುದ್ದೆಗಳಿವೆ. ಇಲ್ಲಿ ಒಂದು ಅಪ್ರಿಯ ಮಾತನ್ನು ಆಡಬೇಕಾಗಿದೆ. 2017ರ ಕಾನೂನಿನ ಮೂಲಕ ಮಲಯಾಳವನ್ನು ಕಡ್ಡಾಯಗೊಳಿಸಿದ್ದನ್ನು ನಾವು ಒಪ್ಪಲಿಲ್ಲ. ಅದಕ್ಕೆ ಕಾರಣಗಳಿದ್ದವು, ಈಗಲೂ ಇವೆ. ಆದರೆ ಕಡ್ಡಾಯವನ್ನು ವಿರೋಧಿಸುವುದು ಬೇರೆ, ಮಗು ಮಲಯಾಳ ಲಿಪಿಯನ್ನು ಓದಲು ಬಾರದೆ ಬೆಳೆಯುವುದು ಬೇರೆ. ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ ಆಡಿ, ಶಾಲೆಯಲ್ಲಿ ಕನ್ನಡ ಓದಿ, ಪೇಟೆಯಲ್ಲಿ ಮಲಯಾಳ ಮಾತನಾಡುವ ನಮ್ಮ ಮಕ್ಕಳಿಗೆ ಇನ್ನೊಂದು ಲಿಪಿ ಭಾರವಲ್ಲ. ಬ್ಯಾಂಕಿನ ಗುಮಾಸ್ತ ಹುದ್ದೆಗಳಿಗೆ ಆಯಾ ರಾಜ್ಯದ ಭಾಷೆಯನ್ನು ಓದಿ ಬರೆಯಲು ಬರಬೇಕು. ಎರಡು ಲಿಪಿ ಬಲ್ಲವನು ಎರಡು ರಾಜ್ಯಗಳಲ್ಲಿ ಯಾವುದಕ್ಕೆ ಬೇಕಾದರೂ ಅರ್ಜಿ ಹಾಕಬಲ್ಲ.

ಎಲ್ಲ ಮಕ್ಕಳೂ ಸರಕಾರಿ ನೌಕರಿಯತ್ತ ನೋಡುವವರಲ್ಲ, ನೋಡಬೇಕಾಗಿಯೂ ಇಲ್ಲ. ಕುಂಬಳೆಯ ಪಾರ್ತಿಸುಬ್ಬನ ನೆಲವಿದು. ಚೆಂಡೆಯ ಪೆಟ್ಟಿಗೆ ಮೈಯೆಲ್ಲ ಕಿವಿಯಾಗುವ ಹುಡುಗ ಪ್ರತಿ ತಂಡದಲ್ಲಿಯೂ ಒಬ್ಬನಿರುತ್ತಾನೆ. ಮೇಳದ ತಿರುಗಾಟ ಹತ್ತನಾಜೆಯವರೆಗೆ ಸಾಗುತ್ತದೆ, ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚಿನಲ್ಲಿ ಬರುತ್ತದೆ; ರಾತ್ರಿಯೆಲ್ಲ ಆಟ ನೋಡಿದವನು ಬೆಳಗ್ಗೆ ಗಣಿತದ ಪಾಠದಲ್ಲಿ ತೂಕಡಿಸುತ್ತಾನೆ. ಅವನಿಗೆ ಆಟವನ್ನು ಬಿಡು ಎನ್ನುವುದೂ ಆಟವೇ ಸಾಕು ಎನ್ನುವುದೂ ಸೋಮಾರಿತನದ ಉಪದೇಶಗಳು. ಹಿಮ್ಮೇಳದವರ ಬದುಕಿನಲ್ಲಿ ಮಳೆಗಾಲದ ತಿಂಗಳುಗಳು ಹೇಗೆ ಸಾಗುತ್ತವೆ ಎಂಬುದನ್ನು ಕಲಾವಿದರ ಬಾಯಿಂದಲೇ ಅವನು ಕೇಳಬೇಕು. ಕೇಳಿದ ಮೇಲೆ ಪ್ಲಸ್ ಟುವಿನ ಜೊತೆಗೆ ಅಭ್ಯಾಸ ಮುಂದುವರಿಸುತ್ತಾನೋ, ಐಟಿಐಯಲ್ಲಿ ಒಂದು ಕೈಕಸುಬನ್ನು ಕಲಿತು ರಾತ್ರಿಯ ಆಟಕ್ಕೆ ಹೋಗುತ್ತಾನೋ ಎಂಬುದನ್ನು ಅವನ ಮನೆಯವರು, ಅವನು, ನಾವು ಸೇರಿ ನಿರ್ಧರಿಸೋಣ.

ತೋಟದ ಮನೆಯ ಹುಡುಗನದು ಮತ್ತೊಂದು ಕತೆ. ಅಡಿಕೆಗೆ ಕೊಳೆರೋಗ ಬಂದ ವರ್ಷ ಮದ್ದು ಬಿಡಲು ಮರ ಹತ್ತುವವರಿಲ್ಲದೆ ಒದ್ದಾಡಿದ ತಂದೆ, ಮಗ ಊರು ಬಿಡಲಿ ಎಂದೇ ಬಯಸುತ್ತಾನೆ, ಅದು ಸಹಜ. ಆದರೆ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾದ ಸಿಪಿಸಿಆರ್‌ಐ ಸಂಸ್ಥೆ ನಮ್ಮ ಜಿಲ್ಲೆಯಲ್ಲಿಯೇ ಇದೆ. ಅಲ್ಲಿಯ ಕೃಷಿ ವಿಜ್ಞಾನ ಕೇಂದ್ರದ ತರಬೇತಿಗಳಿಗೆ ಹೊರಜಿಲ್ಲೆಯವರೂ ಬರುತ್ತಾರೆ. ಆ ಹುಡುಗ ಒಮ್ಮೆ ಅಲ್ಲಿಗೆ ಹೋಗಿ ನೋಡದೆ ಕೃಷಿ ಬೇಡವೆನ್ನುವುದು ಬೇಡ. ಬೀಡಿ ಕಟ್ಟುವ ತಾಯಂದಿರಿಗೆ ಒಂದು ಮಾತು: ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ವಿದ್ಯಾರ್ಥಿವೇತನವಿದೆ, ನಿಮ್ಮ ಕಾರ್ಮಿಕ ಗುರುತುಚೀಟಿಯನ್ನು ಪೆಟ್ಟಿಗೆಯ ತಳದಿಂದ ಮೇಲೆ ತೆಗೆದಿಡಿ. ಮಗಳನ್ನು ನರ್ಸಿಂಗ್‌ಗೆ ಸೇರಿಸುವುದಾಗಿ ಏಜೆಂಟರು ಮನೆಗೆ ಬಂದರೆ, ಆ ಕಾಲೇಜು ಭಾರತೀಯ ನರ್ಸಿಂಗ್ ಪರಿಷತ್ತಿನ ಪಟ್ಟಿಯಲ್ಲಿದೆಯೇ ಎಂದು ನೋಡುವವರೆಗೆ ಸಾಲದ ಕಾಗದಕ್ಕೆ ಸಹಿ ಹಾಕಬೇಡಿ.

ಇಷ್ಟೂ ಮಕ್ಕಳಿಗೆ ಒಂದೇ ದಿನದ ಒಂದೇ ಭಾಷಣ ಸಾಲದು. ಪ್ಲಸ್ ಟು ವಿಭಾಗದಲ್ಲಿ ಮಾರ್ಗದರ್ಶನದ ಘಟಕಗಳಿವೆ. ಆದರೆ ಅಷ್ಟರೊಳಗೆ ಮಗು ವಿಜ್ಞಾನ, ವಾಣಿಜ್ಯ, ಮಾನವಿಕ ಎಂಬ ಕವಲುಗಳಲ್ಲೊಂದನ್ನು ಹಿಡಿದಾಗಿರುತ್ತದೆ. ಆದ್ದರಿಂದ ಎಂಟನೆಯ ತರಗತಿಯಿಂದಲೇ ಪ್ರತಿ ಮಗುವಿಗೂ ಒಂದು ಪುಟವನ್ನು ತೆರೆಯುತ್ತಿದ್ದೇವೆ. ಅಂಕಗಳಿಗೆ ಅದರಲ್ಲಿ ಒಂದು ಸಾಲು ಸಾಕು. ಮಿಕ್ಕ ಜಾಗದಲ್ಲಿ ಮನೆಮಾತು, ಓದಬಲ್ಲ ಲಿಪಿಗಳು, ಮಗು ಹೇಳದೆಯೇ ಮಾಡುವ ಕೆಲಸ, ಮನೆಯಿಂದ ಎಷ್ಟು ದೂರ ಹೋಗಬಲ್ಲದು, ಮನೆಗೆ ಎಷ್ಟು ವರ್ಷ ಕಾಯುವ ಶಕ್ತಿಯಿದೆ, ಯಾವ ಪ್ರಮಾಣಪತ್ರ ಇನ್ನೂ ಆಗಿಲ್ಲ ಎಂಬುದೆಲ್ಲ ಬರುತ್ತದೆ. ಮಗು ತನ್ನ ಆಸೆಯನ್ನು ತನ್ನ ಕೈಯಿಂದಲೇ ಬರೆಯುತ್ತದೆ, ವರ್ಷ ವರ್ಷವೂ ಬದಲಿಸಬಹುದು. ಕಳೆದ ವರ್ಷದ್ದನ್ನು ಅಳಿಸಬಾರದು, ಕೆಳಗೆ ಹೊಸದನ್ನು ಬರೆಯಬೇಕು, ಅಷ್ಟೇ.

ಹಳೆ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ದೊಡ್ಡ ಹುದ್ದೆಯಲ್ಲಿರುವವರು ಬಂದು ವೇದಿಕೆಯಿಂದ ಮಾತನಾಡುವುದಕ್ಕಿಂತ, ಲೈನ್‌ಮ್ಯಾನ್ ಆಗಿರುವವರು, ಲ್ಯಾಬ್ ತಂತ್ರಜ್ಞೆಯಾಗಿರುವವರು, ಹೊಲಿಗೆ ಅಂಗಡಿ ಇಟ್ಟವರು, ಕೊಲ್ಲಿಯಿಂದ ಮರಳಿ ಬಂದವರು ಒಂದು ಅಪರಾಹ್ನ ಇಬ್ಬರು ಮೂವರು ಮಕ್ಕಳ ಜೊತೆ ಕುಳಿತು, ಮೊದಲ ತಿಂಗಳ ಸಂಬಳವೆಷ್ಟಿತ್ತು, ಯಾವುದು ಬೇಸರ ತರುತ್ತದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿದರೆ ನಮಗೆ ಹೆಚ್ಚು ಉಪಕಾರವಾದೀತು. ಕಚೇರಿಯಲ್ಲಿ ಒಂದು ಪುಸ್ತಕವನ್ನು ಇರಿಸಿದ್ದೇವೆ. ಹೆಸರು, ಕೆಲಸ, ಬರಬಲ್ಲ ದಿನವನ್ನು ಬರೆದು ಹೋಗಿ.

ಹೆತ್ತವರು ಶನಿವಾರ ಅಪರಾಹ್ನ ಎರಡರಿಂದ ನಾಲ್ಕರವರೆಗೆ ಬರಬಹುದು. ತಂದೆ ಒಬ್ಬರೇ ಬಂದರೆ ತಾಯಿಯನ್ನೂ ಕರೆತನ್ನಿ ಎಂದು ಹಿಂದೆ ಕಳುಹಿಸುತ್ತೇನೆ, ಈಗಲೇ ಹೇಳಿದ್ದೇನೆ. ಮಗುವನ್ನು ತಪ್ಪದೆ ಕರೆತನ್ನಿ, ಪುಟ ಅವರದು.