ಸೇತುವೆಯ ಬುಡದ ನೆಲ ಯಾರದು?

(ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣ)



ಶಹಾಪುರ, ಸುರಪುರದ ಕೇರಿಗಳಿಂದ ಗುಳೆ ಹೊರಟವರು ಯಾದಗಿರಿಗೆ ಬಂದು ಬೆಂಗಳೂರಿನ ರೈಲು ಹತ್ತುತ್ತಾರೆ. ಅವರು ನಮ್ಮ ಅವ್ವ-ಅಪ್ಪಂದಿರು, ಅಣ್ಣಂದಿರು. ಅಲ್ಲಿ ಕಬ್ಬಿಣ ಕಟ್ಟೋರು ಅವರು, ಕಾಂಕ್ರೀಟು ಹೊರೋರು ಅವರು. ಸೇತುವೆ ಎದ್ದ ಮ್ಯಾಲ ಕಾರಿನವರಿಗೆ ಮೇಲಿನ ದಾರಿ, ಮನೆಯಿಲ್ಲದವರಿಗೆ ಕೆಳಗಿನ ನೆರಳು.

ಈಗ ಆ ನೆರಳಿಗೂ ಬೇಲಿ. 'ಪಾಳುಬಿದ್ದ ಜಾಗ ಚೆಂದ ಮಾಡ್ತೀವಿ' ಅಂತಾರ. ಕಂಬಕ್ಕೆ ಬಣ್ಣ, ಕುಂಡದಲ್ಲಿ ಗಿಡ, ಸುತ್ತ ಕಬ್ಬಿಣದ ಸರಳು. ಅಲ್ಲಿ ಹೂ ಮಾರುತ್ತಿದ್ದ ಮುದುಕಿ ಎಲ್ಲಿ ಹೋದಳು ಅಂತ ಯಾರೂ ಕೇಳಾಂಗಿಲ್ಲ.

ಚೆಂದ ಬ್ಯಾಡ ಅಂತಲ್ಲ. ಮುಂಬಯಿಯ ಮಾಟುಂಗಾದಲ್ಲಿ, ಡಾ. ಅಂಬೇಡ್ಕರ್ ರಸ್ತೆಯ ಮೇಲ್ಸೇತುವೆಯ ಅಡಿ, ಸುತ್ತಲಿನ ನಿವಾಸಿಗಳು ಬೆನ್ನು ಹತ್ತಿದ್ದಕ್ಕೆ ನಗರಪಾಲಿಕೆ 2016ರಲ್ಲಿ ಉದ್ಯಾನ ಮಾಡಿತು. ಅದರ ಕಾಲುದಾರಿ ನರ್ಮದೆಯ ಹರಿವಿನಂತೆ ಬಳಕುತ್ತದೆ. ಮನಸ್ಸಿದ್ದರೆ ಆಗುತ್ತದೆ! ಮನೆ ಇದ್ದವರು ಉದ್ಯಾನ ಕೇಳಿದರು. ಮನೆ ಇಲ್ಲದವರು ಕೇಳೋದು ನಲ್ಲಿ, ಕಕ್ಕಸು, ದೀಪ, ರಾತ್ರಿ ಮಲಗಾಕ ಸೂರು, ತಳ್ಳುಗಾಡಿಗೆ ಜಾಗ, ಕೂಲಿಕಾರರ ಮಕ್ಕಳಿಗೆ ಓದಾಕ ಬೆಂಚು.

ಇದು ಭಿಕ್ಷೆಯಲ್ಲ. 1927ರಲ್ಲಿ ಬಾಬಾಸಾಹೇಬರು ಮಹಾಡದ ಚವದಾರ ಕೆರೆಯ ನೀರು ಮುಟ್ಟುವ ಮೊದಲೇ ಆ ಕೆರೆ ಕಾಗದದ ಮೇಲೆ ಎಲ್ಲರದಾಗಿತ್ತು. ಕಾಗದ ಸಾಲದು, ಕಾಲಿಡಬೇಕು ಅಂತ ತೋರಿಸಿದರು. ಬಾವಿ, ಕೆರೆ, ರಸ್ತೆ, ಸರ್ಕಾರಿ ದುಡ್ಡಿನ ಸಾರ್ವಜನಿಕ ಜಾಗಗಳಲ್ಲಿ ಜಾತಿಯ ಕಾರಣಕ್ಕೆ ತಡೆಯಬಾರದು ಎನ್ನುತ್ತದೆ ಸಂವಿಧಾನದ 15(2)ನೇ ವಿಧಿ. ಇಂದಿನ ಬೇಲಿ ಜಾತಿ ಕೇಳಾಂಗಿಲ್ಲ, ಬಟ್ಟೆ ನೋಡ್ತದ. ಹೊರಗೆ ನಿಲ್ಲೋರು ಮಾತ್ರ ಅವರೇ.

ನಿಮ್ಮಲ್ಲಿ ನಾಳೆ ಎಂಜಿನಿಯರ್ ಆಗೋರು ಇದ್ದೀರಿ. ನಕ್ಷೆ ಬರೆಯೋ ಮುಂಚೆ ಒಂದು ರಾತ್ರಿ ಆ ಕಂಬದ ಬುಡದಾಗ ಕೂತು, ಅಲ್ಲಿ ಮಲಗೋರನ್ನ ಕೇಳ್ರಿ.

ಜೈ ಭೀಮ್.