ಕಣಕಿ ಅಂದರೇನು, ಹೇಳಿ ನೋಡೋಣ!

(ಕಲಬುರಗಿಯ ಯುವಜನರ ಮುಂದೆ ಮಾಡಿದ ಭಾಷಣ)



ಇಂಗ್ಲಿಷ್ ಪರೀಕ್ಷೆಗೆಂದು ಚೀಟಿ ಮಾಡಿಕೊಂಡು ಪದ ಉರು ಹೊಡೆಯುವವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ತಪ್ಪಿಲ್ಲ, ಹೊಡೆಯಿರಿ. ಆದರೆ ಗೀತಾ ನಾಗಭೂಷಣರ ‘ಬದುಕು’ ಓದಿದವರು ಎಷ್ಟು ಜನ? ಸಾವಳಗಿಯಲ್ಲಿ ಹುಟ್ಟಿದ ಹೆಣ್ಣುಮಗಳು ಈ ಸೀಮೆಯ ಆಡುಮಾತಿನಲ್ಲಿ ಬರೆದು 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ ಕಾದಂಬರಿ ಅದು. ನಮ್ಮ ನಗರದ ಹುಡುಗರು ಎರಡು ಪುಟ ಓದಿ ‘ಭಾಷೆ ತಿಳಿಯಲ್ಲ’ ಎಂದು ಮುಚ್ಚಿಡುತ್ತಾರೆ. ಅಜ್ಜಿ ಆಡಿದ ಮಾತಿಗೆ ಮೊಮ್ಮಗ ಅರ್ಥ ಹುಡುಕುವ ಕಾಲ ಬಂತಲ್ಲ!

ಹುಡುಕಿ. ಅದೇ ಚೀಟಿಯನ್ನು ಇಲ್ಲಿಗೂ ತನ್ನಿ. ಕಣಕಿ, ಹಗೇವು ಇಂಥ ಮಾತು ಎದುರಾದರೆ ಬರೀ ಪದವಲ್ಲ, ಅದು ಬಂದ ಇಡೀ ವಾಕ್ಯವನ್ನೇ ಒಂದು ಬದಿಗೆ ಬರೆಯಿರಿ. ಹಿಂಬದಿಗೆ ಅರ್ಥ, ಕನ್ನಡದಲ್ಲೇ. ಕಣಕಿ ಎಂದರೆ ತೆನೆ ಕೊಯ್ದ ಮೇಲೆ ದನಕ್ಕೆ ಹಾಕುವ ಜೋಳದ ದಂಟು. ಹಗೇವು, ಕಾಳು ತುಂಬಿಡುವ ನೆಲದೊಳಗಿನ ಕುಣಿ. ಕುಣಿ ಮುಚ್ಚಿತೆಂದು ಮಾತನ್ನೂ ಮುಚ್ಚಬೇಕೆ?

ದಿನಕ್ಕೆ ಐದು ಸಾಕು. ಸೆಬಾಸ್ಟಿಯನ್ ಲೈಟ್ನರ್ ಎಂಬಾತ 1970ರ ದಶಕದಲ್ಲಿ ಜರ್ಮನ್ ಓದುಗರಿಗೆ ಹೇಳಿಕೊಟ್ಟ ಡಬ್ಬಿ ಉಪಾಯವಿದೆ: ನೆನಪಾದ ಚೀಟಿ ಮುಂದಿನ ಡಬ್ಬಿಗೆ, ಮರೆತದ್ದು ಮತ್ತೆ ಮೊದಲನೆಯದಕ್ಕೆ. ಮೊದಲ ಡಬ್ಬಿ ದಿನಾ ತೆಗೆಯಿರಿ, ಮುಂದಿನವು ತಡೆದು ತಡೆದು. ಮಿಠಾಯಿ ಡಬ್ಬಿಯಾದರೂ ನಡೆದೀತು.

ಅರ್ಥ ಸಿಗದಿದ್ದರೆ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ನೋಡಿ. ಅಲ್ಲೂ ಸಮಾಧಾನವಾಗದಿದ್ದರೆ ಕಮಲಾಪುರದ ಬಸ್ಸು ಹತ್ತಿ. ಕೆಂಪು ಬಾಳೆ ಬೆಳೆಯುವ ಊರು. ತೋಟದ ಹಿರಿಯರ ಮುಂದೆ ಚೀಟಿ ಓದಿ. ನಗುತ್ತಾರೆ, ತಿದ್ದುತ್ತಾರೆ, ಒಂದು ಕೇಳಿದರೆ ನಾಲ್ಕು ಮಾತು ಕೊಡುತ್ತಾರೆ. ಬರೆದುಕೊಳ್ಳಿ, ಅವು ಯಾವ ಕಾದಂಬರಿಗೂ ಇನ್ನೂ ಬಂದಿರಲಿಕ್ಕಿಲ್ಲ. ಬರುವಾಗ ಒಂದು ಡಜನ್ ಬಾಳೆ ತನ್ನಿ. ತುಟ್ಟಿಯೆಂದು ಚೌಕಾಸಿಗೆ ಮಾತ್ರ ನಿಲ್ಲಬೇಡಿ!